ಕಪ್ಪು ಪರದೆಯ ಹಿಂದೆ ಕರ್ನಲ್ ಎಲ್ಲಿ ನಿಂತಿತು?

ನಮಸ್ಕಾರ, ವೀಕ್ಷಕರೇ. ತಾವೇ ಕಂಪೈಲ್ ಮಾಡಿದ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಬೂಟ್ ಮೆನು ದಾಟಿದ ಕೂಡಲೇ ನಿಂತುಬಿಡುತ್ತದೆ, ಪರದೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ, ತಪ್ಪನ್ನು ಎಲ್ಲಿಂದ ಹುಡುಕಬೇಕು ಎಂದು ಸಿಂಧನೂರಿನ ವೀಕ್ಷಕರೊಬ್ಬರು ಕೇಳಿದ್ದಾರೆ. ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್, ಕರ್ನಲನ್ನು ಮೆಮೊರಿಗೆ ತರುವ ಬೂಟ್‌ಲೋಡರ್, ಆಮೇಲೆ ಕರ್ನಲ್ ಎಂಬ ಸರಣಿ ನಿಮಗೆಲ್ಲ ಗೊತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಪರದೆ ಕಪ್ಪಾಗಿದೆಯೆಂದ ಮಾತ್ರಕ್ಕೆ ಕರ್ನಲ್ ಓಡಲೇ ಇಲ್ಲ ಎಂದುಕೊಳ್ಳಬಾರದು. ಅದು ಮೊದಲಿನಿಂದಲೂ ಸಂದೇಶಗಳನ್ನು ಬರೆಯುತ್ತಿರುತ್ತದೆ. ಆದರೆ ಅವನ್ನು ತೋರಿಸುವ ಕನ್ಸೋಲ್ ಸಿದ್ಧವಾಗುವವರೆಗೆ ಅವೆಲ್ಲ ಮೆಮೊರಿಯ ಬಫರ್‌ನಲ್ಲೇ ಕಾದಿರುತ್ತವೆ. ಅಷ್ಟರೊಳಗೆ ಯಂತ್ರ ನಿಂತರೆ ಬರೆದದ್ದನ್ನು ಓದುವವರೇ ಇರುವುದಿಲ್ಲ. ಆದ್ದರಿಂದ ಬೂಟ್‌ಲೋಡರ್ ಕರ್ನಲ್‌ಗೆ ಕೊಡುವ ಆಯ್ಕೆಗಳ ಬೂಟ್ ಸಾಲಿನಲ್ಲಿರುವ, ಸಂದೇಶಗಳನ್ನು ತಡೆಯುವ 'ಕ್ವಾಯಟ್' ಪದವನ್ನು ಅಳಿಸಿ, 'ಅರ್ಲಿಕಾನ್' ಆಯ್ಕೆಯಿಂದ, ತಂತಿಯ ಮೂಲಕ ಒಂದೊಂದೇ ಬಿಟ್ ಕಳಿಸುವ ಸೀರಿಯಲ್ ಪೋರ್ಟನ್ನು ಮೊದಲೇ ತೆರೆಯಿಸಬೇಕು.

ಅದೂ ಮೌನವಾಗಿದ್ದರೆ? ಸಿಂಧನೂರಿನವರಿಗೆ ಕಾಲುವೆಯ ಮಾತಿನಲ್ಲಿ ಹೇಳುವುದೇ ಸುಲಭ. ತುಂಗಭದ್ರಾ ಎಡದಂಡೆ ಕಾಲುವೆಯು ಕೊಪ್ಪಳ ಜಿಲ್ಲೆಯ ಮುನಿರಾಬಾದಿನಿಂದ ಹೊರಟು 200 ಕಿ.ಮೀ.ಗೂ ಹೆಚ್ಚು ದೂರ ಹರಿದು ರಾಯಚೂರು ಜಿಲ್ಲೆಯ ಕೊನೆ ಭಾಗವನ್ನು ಮುಟ್ಟುತ್ತದೆ. ಅಲ್ಲಿಯ ಗದ್ದೆಗೆ ನೀರು ಬರಲಿಲ್ಲವೆಂದರೆ ಒಣಗಿದ ತೂಬಿನ ಮುಂದೆ ನಿಂತು ಫಲವಿಲ್ಲ. ಮುನಿರಾಬಾದಿನಿಂದ ದಂಡೆ ಹಿಡಿದು ನಡೆದು ಬರುವುದೂ ಜಾಣತನವಲ್ಲ. ನೀರಿನ ಮಟ್ಟ ತೋರಿಸುವ, ನಡುವಿನ ಒಂದು ಗೇಜ್ ನೋಡಬೇಕು. ಮಟ್ಟ ಸರಿಯಿದ್ದರೆ ತೊಂದರೆ ಅದರ ಕೆಳಗಿದೆ, ಇಲ್ಲದಿದ್ದರೆ ಮೇಲಿದೆ. ಆ ಅರ್ಧದ ನಡುವೆ ಮತ್ತೊಂದು ಗೇಜ್. ಮೇಲ್ಭಾಗದಲ್ಲಿ ಯಾರು ಪಂಪ್ ಇಟ್ಟಿದ್ದಾರೆ ಎಂಬ ಜಗಳ ಆಮೇಲಿನದು.

ಕರ್ನಲ್‌ನಲ್ಲಿ ಗೇಜ್ ಎಂದರೆ ಒಂದೇ ಒಂದು ಅಕ್ಷರ. ಬಳ್ಳಾರಿಯ ನಮ್ಮ ಕೋಣೆಯ ಹಳೆಯ ಡೆಸ್ಕ್‌ಟಾಪ್ ಹಿಂಬದಿಯಲ್ಲಿ, ಊರಿನ ಕೆಂಧೂಳು ಮೆತ್ತಿಕೊಂಡ 9 ಪಿನ್ನುಗಳ ಸೀರಿಯಲ್ ಪೋರ್ಟ್ ಇದೆ. ಇದರ ವಿಳಾಸ, 16ರ ಎಣಿಕೆಯಾದ ಹೆಕ್ಸ್‌ನಲ್ಲಿ, 3ಎಫ್8. ಕರ್ನಲ್‌ನ ಆರಂಭದ ಕೆಲಸ ನಡೆಸುವ 'ಸ್ಟಾರ್ಟ್_ಕರ್ನಲ್' ಫಂಕ್ಷನ್ನಿನ ನಡುವೆ ಆ ವಿಳಾಸಕ್ಕೆ 'ಎಂ' ಎಂಬ ಒಂದು ಬೈಟ್ ಬರೆಯುವ ಸಾಲು ಸೇರಿಸಿದೆ. ಆ ಪೋರ್ಟಿಗೆ ಜೋಡಿಸಿದ ಪಕ್ಕದ ಲ್ಯಾಪ್‌ಟಾಪಿನಲ್ಲಿ 'ಎಂ' ಬಂತು. ಅಂದರೆ ತೊಂದರೆ ಆ ಸಾಲಿನ ಕೆಳಗಿದೆ. 115200 ಬಾಡ್, ಅಂದರೆ ಸೆಕೆಂಡಿಗೆ ಅಷ್ಟು ಬಿಟ್ ಕಳಿಸುವ ವೇಗದಲ್ಲಿ, ಆರಂಭ ಮತ್ತು ಅಂತ್ಯದ ಬಿಟ್‌ಗಳೂ ಸೇರಿ ಒಂದು ಅಕ್ಷರಕ್ಕೆ 10 ಬಿಟ್ ಬೇಕಾಗುವುದರಿಂದ, ಅದು ಹೊರಬರಲು ಸುಮಾರು 87 ಮೈಕ್ರೋಸೆಕೆಂಡ್ ಸಾಕು. ಕೆಲವು ತಪ್ಪುಗಳು ಅಷ್ಟು ವಿಳಂಬಕ್ಕೇ ಮಾಯವಾಗುತ್ತವೆ. ಗೇಜ್ ನೋಡಲು ಅಧಿಕಾರಿ ಬಂದ ದಿನ ಮಾತ್ರ ಕಾಲುವೆ ತುಂಬಿರುವ ಹಾಗೆ. ನಿಂತ ಯಂತ್ರಕ್ಕೆ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ಆ ಹೊತ್ತಿಗೆ ಕರ್ನಲ್‌ನಲ್ಲಿ ಯುಎಸ್‌ಬಿ ಇನ್ನೂ ಎದ್ದಿರುವುದಿಲ್ಲ. ಓದುವ ಲ್ಯಾಪ್‌ಟಾಪಿಗೆ ಹಾಕಬಹುದು.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಸಂದೇಶಗಳು ಬರತೊಡಗಿದ ಮೇಲೆ ಬೂಟ್ ಸಾಲಿಗೆ 'ಇನಿಟ್‌ಕಾಲ್_ಡೀಬಗ್' ಮತ್ತು 'ಇಗ್ನೋರ್_ಲಾಗ್‌ಲೆವೆಲ್' ಸೇರಿಸಿದರೆ, ಆರಂಭದ ಫಂಕ್ಷನ್ನುಗಳನ್ನು ಕರೆದದ್ದೂ ಅವು ಮರಳಿದ್ದೂ ಕಾಣುತ್ತದೆ. ಕರೆದದ್ದು ಕಂಡು ಮರಳಿದ್ದು ಕಾಣದ ಫಂಕ್ಷನ್ನೇ ಮೊದಲ ಶಂಕಿತ. ತಂತ್ರಾಂಶದಲ್ಲೇ ಯಂತ್ರವನ್ನು ಅನುಕರಿಸುವ ಕ್ಯೂಎಮು ಒಳಗೂ ಅದೇ ರೀತಿ ನಿಂತರೆ, ತಪ್ಪು ಹುಡುಕುವ ಸಾಧನವಾದ ಜಿಡಿಬಿಯನ್ನು 1234ನೇ ಪೋರ್ಟಿಗೆ ಜೋಡಿಸಿ ನಿಂತ ಸಾಲನ್ನೇ ನೋಡಬಹುದು. ಹಿಂದಿನ ಆವೃತ್ತಿ ಸರಿಯಾಗಿ ಏಳುತ್ತಿತ್ತೆಂದರೆ ಬದಲಾವಣೆಗಳನ್ನು ಅರ್ಧ ಅರ್ಧ ಮಾಡುತ್ತ ತಪ್ಪು ಹುಡುಕುವ 'ಗಿಟ್ ಬೈಸೆಕ್ಟ್' ಹಿಡಿಯಿರಿ. 1000 ಕಮಿಟ್‌ಗಳ, ಅಂದರೆ ದಾಖಲಾದ ಬದಲಾವಣೆಗಳ, ನಡುವಿನ ತಪ್ಪಿಗೆ ಸುಮಾರು 10 ಸಲ ಬೂಟ್ ಮಾಡಿದರೆ ಸಾಕು. ಇದೂ ಅದೇ ಕಾಲುವೆಯ ಲೆಕ್ಕ.

ಸಿಂಧನೂರಿನ ಗೆಳೆಯರೇ, ಮೊದಲು ಆ ಒಂದಕ್ಷರವನ್ನು ಹೊರಡಿಸಿ ನೋಡಿ. ಕೊನೆಯದಾಗಿ ಯಾವ ಅಕ್ಷರ ಬಂತೆಂದು ತಿಳಿಸಿದರೆ ಮುಂದಿನ ಗೇಜ್ ಎಲ್ಲಿಡಬೇಕೆಂದು ಹೇಳುತ್ತೇನೆ.