ಬೊಜ್ಜಿನ ಔಷಧಗಳ ಪ್ರಯೋಗ: ತೂಕ ಇಳಿದ ಮೇಲೆ ಏನು?

ಸಭೆಯಲ್ಲಿರುವ ಹಿರಿಯರೇ, ವೈದ್ಯಮಿತ್ರರೇ, ವಿದ್ಯಾರ್ಥಿಗಳೇ,

ಬೊಜ್ಜಿಗೆ ಹೊಸ ಔಷಧ ಸಿದ್ಧವಾಗುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಅದರೊಡನೆ ಒಂದು ಅಂಕಿಯೂ ಬರುತ್ತದೆ: ಪ್ರಯೋಗದಲ್ಲಿ ಪಾಲ್ಗೊಂಡವರ ತೂಕ ಸರಾಸರಿ ಶೇಕಡಾ ಇಷ್ಟು ಇಳಿಯಿತು ಎಂದು. ಆ ಅಂಕಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಇಂಥ ಪ್ರಯೋಗಗಳಲ್ಲಿ ತೂಕ ಇಳಿದದ್ದನ್ನು ತೋರಿಸುವುದು ಎಲ್ಲಕ್ಕಿಂತ ಸುಲಭದ ಕೆಲಸ. ಔಷಧವನ್ನು ವರ್ಷಗಟ್ಟಲೆ ತೆಗೆದುಕೊಂಡವರ ಹೃದಯ, ಯಕೃತ್ತು, ಮನಸ್ಸು ಹೇಗಿರುತ್ತವೆ, ಅದನ್ನು ನಿಲ್ಲಿಸಿದವರಿಗೆ ಏನಾಗುತ್ತದೆ ಎಂಬುದನ್ನು ಕಂಡುಕೊಳ್ಳುವುದು ಕಷ್ಟ. ಒಂದು ಪ್ರಯೋಗದ ಯೋಗ್ಯತೆಯನ್ನು ಅಳೆಯಬೇಕಾದದ್ದು ಈ ಕಷ್ಟದ ಕೆಲಸವನ್ನು ಅದು ಎಷ್ಟರಮಟ್ಟಿಗೆ ಮಾಡಿದೆ ಎಂಬುದರಿಂದ. ಇಂದು ನಾನು ಹೇಳಲು ಬಂದಿರುವುದು ಇಷ್ಟನ್ನೇ.

ಹೀಗೆ ಹೇಳಲು ಇತಿಹಾಸವೇ ಕಾರಣ. 1930ರ ದಶಕದಲ್ಲಿ ಅಮೆರಿಕದಲ್ಲಿ ಡೈನೈಟ್ರೊಫೀನಾಲ್ ಎಂಬ ರಾಸಾಯನಿಕವನ್ನು ತೂಕ ಇಳಿಸಲು ಬಳಸಿದರು. ಜೀವಕೋಶಗಳು ಆಹಾರದ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುವಂತೆ ಅದು ಮಾಡುತ್ತಿತ್ತು; ತೂಕವೂ ಇಳಿಯುತ್ತಿತ್ತು. ಮೈ ಶಾಖ ಏರಿ ಜನ ಸತ್ತರು, ಕೆಲವರ ಕಣ್ಣಿಗೆ ಪೊರೆ ಬಂತು, 1938ರ ಹೊತ್ತಿಗೆ ಬಳಕೆ ನಿಂತಿತು. ಫೆನ್‌ಫ್ಲೂರಮೈನ್ ಎಂಬ ತೂಕ ಇಳಿಸುವ ಔಷಧ ಹೃದಯದ ಕವಾಟಗಳಿಗೆ ಹಾನಿ ಮಾಡುತ್ತದೆಂದು ತಿಳಿದು ಅದನ್ನು 1997ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಯೂರೋಪಿನಲ್ಲಿ 2006ರಲ್ಲಿ ಅನುಮತಿ ಪಡೆದಿದ್ದ ರಿಮೊನಬಾಂಟ್ ಔಷಧವು ತೀವ್ರ ಖಿನ್ನತೆಯನ್ನೂ ಆತ್ಮಹತ್ಯೆಯ ಆಲೋಚನೆಗಳನ್ನೂ ಉಂಟುಮಾಡಬಹುದೆಂಬ ಕಾರಣಕ್ಕೆ 2008ರಲ್ಲಿ ಅದರ ಮಾರಾಟ ನಿಂತಿತು. ಇವುಗಳಲ್ಲಿ ಯಾವುದೂ ತೂಕ ಇಳಿಸುವುದರಲ್ಲಿ ಸೋತ ಔಷಧವಲ್ಲ ಎಂಬುದನ್ನು ಗಮನಿಸಬೇಕು.

ಸಿಬುಟ್ರಮಿನ್ ಮತ್ತು ಲೋರ್ಕಸೆರಿನ್ ಎಂಬ ಇನ್ನೆರಡು ಬೊಜ್ಜಿನ ಔಷಧಗಳ ಕುರಿತು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಪ್ರಯೋಗದ ಗಾತ್ರ ಮತ್ತು ಅವಧಿ ಎಷ್ಟು ಮುಖ್ಯವೆಂದು ಇವುಗಳಿಗಿಂತ ಚೆನ್ನಾಗಿ ತೋರಿಸುವ ಉದಾಹರಣೆಗಳನ್ನು ನಾನು ಕಂಡಿಲ್ಲ. ಸಿಬುಟ್ರಮಿನ್ ಹಲವು ವರ್ಷ ಬಳಕೆಯಲ್ಲಿದ್ದ ಮೇಲೆ, ಹೃದ್ರೋಗದ ಅಪಾಯ ಹೆಚ್ಚಿರುವ ಸುಮಾರು 9,800 ಜನರನ್ನು ವರ್ಷಗಟ್ಟಲೆ ಗಮನಿಸಿದ ಸ್ಕೌಟ್ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದಿಂದ ಸಾವು ಮುಂತಾದವು ಔಷಧ ಪಡೆದವರಲ್ಲಿ ಶೇಕಡಾ 11.4 ಮಂದಿಗೂ, ಔಷಧಾಂಶವೇ ಇಲ್ಲದ ಪ್ಲಸೀಬೊ ಪಡೆದವರಲ್ಲಿ ಶೇಕಡಾ 10ರಷ್ಟು ಮಂದಿಗೂ ಆಗಿದ್ದವು. ತೂಕ ಇಳಿದರೆ ಹೃದಯಕ್ಕೆ ಒಳ್ಳೆಯದಾಗುತ್ತದೆ ಎಂಬ, ಯಾರಿಗೂ ಸಹಜವೆನಿಸುವ ತರ್ಕ ಇಲ್ಲಿ ಕೈಕೊಟ್ಟಿತು.

ಲೋರ್ಕಸೆರಿನ್ ಔಷಧಕ್ಕೆ ಅಮೆರಿಕ 2012ರಲ್ಲಿ ಅನುಮತಿ ಕೊಟ್ಟಿತು. ಆಮೇಲೆ ಸುಮಾರು 12,000 ಜನರ ಮೇಲೆ ನಡೆದ ದೊಡ್ಡ ಪ್ರಯೋಗವನ್ನು ಯೋಜಿಸಿದ್ದು ಹೃದಯದ ಸುರಕ್ಷತೆಯನ್ನು ನೋಡಲು. ಆ ಪರೀಕ್ಷೆಯಲ್ಲಿ ಔಷಧ ಗೆದ್ದಿತು ಕೂಡ. ಆದರೆ ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದಾಗ, ಔಷಧ ಪಡೆದವರಲ್ಲಿ ಶೇಕಡಾ 7.7 ಮಂದಿಗೆ ಮತ್ತು ಪ್ಲಸೀಬೊ ಪಡೆದವರಲ್ಲಿ ಶೇಕಡಾ 7.1 ಮಂದಿಗೆ ಕ್ಯಾನ್ಸರ್ ಕಾಣಿಸಿಕೊಂಡಿದ್ದು ತಿಳಿಯಿತು, 2020ರ ಫೆಬ್ರವರಿಯಲ್ಲಿ ಔಷಧವನ್ನು ಹಿಂತೆಗೆಯಲಾಯಿತು. ವ್ಯತ್ಯಾಸ ಸಾವಿರಕ್ಕೆ ಆರು ಜನ. ಕೆಲವು ನೂರು ಜನರ ಮೇಲೆ ಒಂದು ವರ್ಷ ನಡೆಸುವ ಪ್ರಯೋಗದಲ್ಲಿ ಇಂಥ ವ್ಯತ್ಯಾಸ ಇದ್ದರೂ ಇಲ್ಲದಂತೆಯೇ. ಯಾವ ಸಂಖ್ಯಾಶಾಸ್ತ್ರದ ಜಾಣ್ಮೆಯೂ ಅದನ್ನು ಹೊರತೆಗೆಯಲಾರದು. ಆದರೆ ಔಷಧವನ್ನು ಲಕ್ಷಗಟ್ಟಲೆ ಜನ ಬಳಸತೊಡಗಿದಾಗ ಆ ಆರು ಮಂದಿ ನೂರಾರು, ಸಾವಿರಾರು ಮಂದಿಯಾಗುತ್ತಾರೆ.

ಈಗಿನ ತಲೆಮಾರಿನ ಔಷಧಗಳು ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ. ಊಟವಾದ ಮೇಲೆ ಕರುಳಿನಿಂದ ಹೊರಡುವ ಜಿಎಲ್‌ಪಿ-1 ಎಂಬ ಹಾರ್ಮೋನಿನಂತೆಯೇ ವರ್ತಿಸಿ, ಇವು ಹಸಿವನ್ನು ತಗ್ಗಿಸುತ್ತವೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಅನ್ನು ಸಕ್ಕರೆ ಕಾಯಿಲೆಯಿಲ್ಲದ 1,961 ವಯಸ್ಕರಲ್ಲಿ 68 ವಾರ ಪರೀಕ್ಷಿಸಿದ ಸ್ಟೆಪ್-1 ಪ್ರಯೋಗದ ವರದಿ 2021ರಲ್ಲಿ ಬಂದಾಗ, ತೂಕ ಸರಾಸರಿ ಶೇಕಡಾ 14.9 ಇಳಿದಿತ್ತು, ಪ್ಲಸೀಬೊ ಗುಂಪಿನಲ್ಲಿ ಇಳಿದದ್ದು ಶೇಕಡಾ 2.4. ಮರುವರ್ಷ 2,539 ಜನರ ಸರ್‌ಮೌಂಟ್-1 ಪ್ರಯೋಗದಲ್ಲಿ ಇದೇ ತಲೆಮಾರಿನ ಇನ್ನೊಂದು ಔಷಧವಾದ ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಡೋಸ್ 72 ವಾರಗಳಲ್ಲಿ ತೂಕವನ್ನು ಶೇಕಡಾ 20.9 ಇಳಿಸಿತು. ಹಿಂದಿನ ಯಾವ ಔಷಧವೂ ಇದರ ಹತ್ತಿರಕ್ಕೂ ಬಂದಿರಲಿಲ್ಲ. ಸ್ಥೂಲಕಾಯದಿಂದ ಬಳಲುವವರನ್ನು ಮನೋದಾರ್ಢ್ಯವಿಲ್ಲದವರೆಂದು ದೂರುತ್ತ ಬಂದ ಸಮಾಜಕ್ಕೆ ಈ ಫಲಿತಾಂಶ ಕೊಟ್ಟ ಉತ್ತರವೂ ಸಣ್ಣದಲ್ಲ: ಹಸಿವಿನ ಹಿಂದೆ ದೇಹದ ರಾಸಾಯನಿಕಗಳಿವೆ, ಅವನ್ನು ಬದಲಿಸಿದರೆ ಮನುಷ್ಯ ತಿನ್ನುವುದೂ ಬದಲಾಗುತ್ತದೆ.

ಆದರೂ ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಪ್ರಯೋಗದ ನಡುವೆ ಔಷಧ ಬಿಟ್ಟವರನ್ನು ಲೆಕ್ಕದಲ್ಲಿ ಹೇಗೆ ಸೇರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳಿವೆ. ಬಿಟ್ಟವರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಸರ್‌ಮೌಂಟ್-1ರಲ್ಲಿ ಬಂದದ್ದು ಶೇಕಡಾ 20.9. ಎಲ್ಲರೂ ಔಷಧವನ್ನು ಕೊನೆಯವರೆಗೆ ತೆಗೆದುಕೊಂಡಿದ್ದರೆ ಎಂದು ಭಾವಿಸಿ ಲೆಕ್ಕ ಹಾಕಿದಾಗ ಅದೇ ಡೋಸ್‌ಗೆ ಬಂದದ್ದು ಶೇಕಡಾ 22.5. ಎರಡೂ ನಿಜವೇ, ಆದರೆ ಎರಡು ಬೇರೆ ಪ್ರಶ್ನೆಗಳಿಗೆ. ಆಸ್ಪತ್ರೆಗೆ ಬರುವ ರೋಗಿಗೆ ಬೇಕಾದದ್ದು ಮೊದಲನೆಯದು, ಪ್ರಕಟಣೆಗಳ ತಲೆಬರಹದಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು.

ಇನ್ನೊಂದು ತೊಡಕು ಗೋಪ್ಯತೆಯದು. ಯಾರಿಗೆ ಔಷಧ, ಯಾರಿಗೆ ಪ್ಲಸೀಬೊ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯಬಾರದೆಂಬುದು ನಿಯಮ. ಆದರೆ ವಾಕರಿಕೆ ಶುರುವಾಗಿ, ತಿಂಗಳೆರಡರಲ್ಲಿ ಬಟ್ಟೆ ಸಡಿಲವಾದವರಿಗೆ ತಮಗೆ ಸಿಕ್ಕಿದ್ದೇನೆಂದು ಯಾರೂ ಹೇಳಬೇಕಾಗಿಲ್ಲ. ತೂಕದ ಯಂತ್ರಕ್ಕೆ ಇದರಿಂದ ಮೋಸವಾಗದು, ನಿಜ. ಆದರೆ ಜೀವನದ ಗುಣಮಟ್ಟ, ಉತ್ಸಾಹ, ನೆಮ್ಮದಿಗಳ ಬಗ್ಗೆ ಪ್ರಶ್ನಾವಳಿಗೆ ಅವರು ಕೊಡುವ ಉತ್ತರಗಳನ್ನು ನಾವು ಅಷ್ಟೇ ಭರವಸೆಯಿಂದ ಓದಲಾಗದು.

ತೂಕದಾಚೆಯ ಪ್ರಶ್ನೆಗೆ ಈ ತಲೆಮಾರಿನ ಔಷಧಗಳ ಕಡೆಯಿಂದ ಬಂದ ಗಟ್ಟಿ ಉತ್ತರವೆಂದರೆ 2023ರ ಸೆಲೆಕ್ಟ್ ಪ್ರಯೋಗ. ಮೊದಲೇ ಹೃದ್ರೋಗವಿದ್ದ, ಸಕ್ಕರೆ ಕಾಯಿಲೆಯಿಲ್ಲದ 17,604 ಜನರನ್ನು ಸರಾಸರಿ ಮೂರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ, ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದ ಸಾವು ಸೆಮಾಗ್ಲುಟೈಡ್ ಪಡೆದವರಲ್ಲಿ ಶೇಕಡಾ 6.5 ಮತ್ತು ಪ್ಲಸೀಬೊ ಪಡೆದವರಲ್ಲಿ ಶೇಕಡಾ 8 ಮಂದಿಗೆ ಆಗಿತ್ತು. ಸಿಬುಟ್ರಮಿನ್ ಸೋತ ಪರೀಕ್ಷೆಯಲ್ಲಿ ಇದು ಗೆದ್ದಿತು. ಅದರೊಡನೆ, ಅಡ್ಡಪರಿಣಾಮಗಳಿಂದಾಗಿ ಔಷಧವನ್ನು ಬಿಟ್ಟವರು ಶೇಕಡಾ 16.6, ಪ್ಲಸೀಬೊ ಬಿಟ್ಟವರು ಶೇಕಡಾ 8.2 ಎಂಬುದನ್ನೂ ಹೇಳಬೇಕು. ಸ್ಟೆಪ್-1ರಲ್ಲಿ ಮುಕ್ಕಾಲು ಪಾಲು ಮಹಿಳೆಯರಿದ್ದರೆ, ಸೆಲೆಕ್ಟ್‌ನಲ್ಲಿ ಮುಕ್ಕಾಲಿಗೆ ಹತ್ತಿರ ಪುರುಷರೇ ಇದ್ದರು. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ನೇರವಾಗಿ ಅಂಟಿಸಿ ಮಾತನಾಡುವವರು ಇದನ್ನು ಮರೆಯುತ್ತಾರೆ.

ಚುಚ್ಚುಮದ್ದಿನ ಬದಲು ಮಾತ್ರೆ ತರುವ ಪೈಪೋಟಿ ಈಗ ಜೋರಾಗಿದೆ. ಈ ಹಾದಿಯಲ್ಲಿ ಫೈಜರ್ ಕಂಪನಿ ಎರಡು ಔಷಧಗಳನ್ನು ಕೈಬಿಟ್ಟಿದೆ: ಯಕೃತ್ತಿನ ಕಿಣ್ವಗಳು ಏರಿದ್ದರಿಂದ 2023ರಲ್ಲಿ ಲೋಟಿಗ್ಲಿಪ್ರಾನ್ ಅನ್ನು, ಒಬ್ಬ ರೋಗಿಯ ಯಕೃತ್ತಿಗೆ ಔಷಧದಿಂದಲೇ ಹಾನಿಯಾಗಿರಬಹುದೆಂದು ಕಂಡಾಗ 2025ರಲ್ಲಿ ಡನುಗ್ಲಿಪ್ರಾನ್ ಅನ್ನು. ಇದನ್ನು ಸೋಲೆಂದು ಬರೆದರು. ನನ್ನ ಮಟ್ಟಿಗೆ ಪ್ರಯೋಗವೆಂಬುದು ಇರುವುದೇ ಇದಕ್ಕಾಗಿ. ಮಾರುಕಟ್ಟೆಗೆ ಬಂದ ಮೇಲೆ ತಿಳಿಯಬಹುದಾಗಿದ್ದ ಅಪಾಯ ಅದಕ್ಕೂ ಮುಂಚೆಯೇ ತಿಳಿಯಿತು.

ಇನ್ನು ಔಷಧ ನಿಲ್ಲಿಸಿದವರ ವಿಚಾರ. ಸ್ಟೆಪ್-4ರಲ್ಲಿ ಎಲ್ಲರಿಗೂ ಮೊದಲ 20 ವಾರ ಸೆಮಾಗ್ಲುಟೈಡ್ ಕೊಟ್ಟು, ಆಮೇಲೆ ಕೆಲವರಿಗೆ ಅದನ್ನು ಮುಂದುವರಿಸಿ, ಉಳಿದವರಿಗೆ ಅವರಿಗೇ ತಿಳಿಯದಂತೆ ಪ್ಲಸೀಬೊ ಕೊಟ್ಟರು. ಮುಂದಿನ 48 ವಾರಗಳಲ್ಲಿ ಮೊದಲಿನವರ ತೂಕ ಮತ್ತೆ ಶೇಕಡಾ 7.9 ಇಳಿಯಿತು, ಎರಡನೆಯವರದು ಶೇಕಡಾ 6.9 ಏರಿತು. ಸ್ಟೆಪ್-1 ಮುಗಿದ ಮೇಲೆ ಔಷಧ ನಿಲ್ಲಿಸಿದ ಕೆಲವರನ್ನು ಒಂದು ವರ್ಷ ಗಮನಿಸಿದಾಗ, ಕಳೆದುಕೊಂಡ ತೂಕದಲ್ಲಿ ಮೂರನೇ ಎರಡು ಭಾಗ ಮರಳಿ ಬಂದಿತ್ತು. ರಕ್ತದೊತ್ತಡ ಮುಂತಾದವುಗಳಲ್ಲಿ ಕಂಡಿದ್ದ ಸುಧಾರಣೆಯೂ ಬಹುಪಾಲು ಅಳಿದಿತ್ತು. ರಕ್ತದೊತ್ತಡದ ಮಾತ್ರೆಯಂತೆ ಇದೂ ದೀರ್ಘಕಾಲ ಬೇಕಾಗುವ ಚಿಕಿತ್ಸೆಯೆಂದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಿದ್ದರೆ ಪ್ರಯೋಗಕ್ಕೆ ಬಂದವರ ಗತಿಯೇನು? ತಮ್ಮ ದೇಹವನ್ನು ಪರೀಕ್ಷೆಗೆ ಒಡ್ಡಿ, ವಾಕರಿಕೆ ಸಹಿಸಿ, ಜೀವನದಲ್ಲಿ ಮೊದಲ ಬಾರಿ ಹಗುರವಾದ ಒಬ್ಬ ಮಹಿಳೆಗೆ 68ನೇ ವಾರದಲ್ಲಿ ಔಷಧ ನಿಂತುಹೋಗುತ್ತದೆ. ಮುಂದೇನಾಗುತ್ತದೆಂದು ಪ್ರಯೋಗ ನಡೆಸುವವರಿಗೆ ಈಗ ಗೊತ್ತಿದೆ. ಪ್ರಯೋಗದಲ್ಲಿ ಉಪಯುಕ್ತವೆಂದು ಕಂಡ ಚಿಕಿತ್ಸೆ ಅಗತ್ಯವಿರುವ ಭಾಗಿಗಳಿಗೆ ಆಮೇಲೂ ಸಿಗುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕೆಂದು, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿಸೂತ್ರಗಳಾದ ಹೆಲ್ಸಿಂಕಿ ಘೋಷಣೆ ಹೇಳುತ್ತದೆ. ಇನ್ನೂ ಪರೀಕ್ಷೆಯ ಹಂತದಲ್ಲಿರುವ, ಅನುಮತಿ ಪಡೆಯದ ಔಷಧದ ವಿಷಯದಲ್ಲಿ ಇದು ಸುಲಭವಲ್ಲ ಎಂಬುದನ್ನು ನಾನು ಬಲ್ಲೆ. ಆದರೂ ಎರಡು ಕೆಲಸಗಳನ್ನು ಇಂದೇ ಮಾಡಬಹುದು. ತೂಕ ಮರಳಿ ಬರುವ ಸಾಧ್ಯತೆಯನ್ನು ಒಪ್ಪಿಗೆ ಪತ್ರದಲ್ಲಿ, ಅಡ್ಡಪರಿಣಾಮಗಳ ಪಟ್ಟಿಯ ಕೊನೆಯಲ್ಲಿ ಅಡಗಿಸದೆ, ಮೊದಲ ಪುಟದಲ್ಲೇ ಅಂಕಿಯೊಡನೆ ಬರೆಯಬೇಕು. ಪ್ರಯೋಗ ಮುಗಿದ ಮೇಲೆ ಕನಿಷ್ಠ ಒಂದು ವರ್ಷ ಅವರ ತಪಾಸಣೆಯ ವೆಚ್ಚವನ್ನು ಪ್ರಾಯೋಜಕರೇ ಭರಿಸಬೇಕು. ನೈತಿಕ ಸಮಿತಿಗಳಲ್ಲಿ ಕುಳಿತಿರುವವರು ಇಲ್ಲಿದ್ದರೆ, ಮುಂದಿನ ಅರ್ಜಿ ತಮ್ಮ ಮೇಜಿಗೆ ಬಂದಾಗ ಈ ಎರಡನ್ನು ಕೇಳಿ ಪಡೆಯಬೇಕೆಂದು ವಿನಂತಿಸುತ್ತೇನೆ.