ಮಂಗಲದಾಸ್ ಮಾರ್ಕೆಟ್ಟಿನಿಂದ ಲೋವರ್ ಪರೇಲ್ ತನಕ: ಕಾಕು, ಖಣ ಮತ್ತ ಒಂದು ಜಾಕೆಟ್ಟಿನ ರೇಟು

ನಮಸ್ಕಾರ್ರಿ ಎಲ್ಲಾರಿಗೂ. ಈ ವಿಡಿಯೋಕ್ಕ ಧ್ವನಿ ಮನಿಗೆ ಬಂದು ಹಾಕಾಕತ್ತೀನಿ. ಅಲ್ಲೆ ಮಾತಾಡಿದ್ದು ಒಂದಕ್ಷರ ಕೇಳಸಂಗಿಲ್ಲ, ತಲಿ ಮ್ಯಾಲೆ ಗಂಟು ಹೊತ್ತ ಹಮಾಲರು ದಾರಿ ಬಿಡ್ರಿ ಅಂತ ಒದರೋದಷ್ಟ ಕೇಳ್ತೈತಿ. ಮುಂದ ಹೊಂಟಾರಲ್ಲ, ಹಸಿರು ಇಳಕಲ್ ಸೀರಿ, ಕೈಯಾಗ ಛತ್ರಿ, ಅವರು ನಮ್ಮ ಕಾಕು, ಅಂದ್ರ ಚಿಕ್ಕಮ್ಮ. ಬಾಗಲಕೋಟಿಂದ ನಮ್ಮ ಡೊಂಬಿವಲಿ ಮನಿಗೆ ಬಂದಾರ. ಮಳಿ ಇಲ್ಲ, ಬಿಸಲಿಲ್ಲ, ಆದ್ರೂ ಛತ್ರಿ ಬೇಕು. ಮಂದಿ ದೂರ ಇಡಾಕಂತ.

ಇದು ಮಂಗಲದಾಸ್ ಮಾರ್ಕೆಟ್ಟು, ಮುಂಬೈದ ಬಟ್ಟಿ ಪ್ಯಾಟಿ. ಆಗ ಕಂಡ ಗಡಿಯಾರದ ಗೋಪುರ ಕ್ರಾಫರ್ಡ್ ಮಾರ್ಕೆಟ್ಟಿಂದು, 1869ರಾಗ ಕಟ್ಟಿ ಮುಗಿಸಿದ್ದು. ಮುಂಬೈದಾಗ ಫ್ಯಾಷನ್ ಎಲ್ಲಿ ಅಂತ ಕೇಳಿದ್ರ ಒಬ್ಬರು ಬಾಂದ್ರಾ ಅಂತಾರ, ಒಬ್ಬರು ಕೊಲಾಬಾ ಅಂತಾರ. ಬಾಂದ್ರಾದಾಗ ನನಗ ನಡಿಯಾಕ ಜಾಗಾನ ಸಿಗಂಗಿಲ್ಲ, ಅದರ ಮಾತು ಬ್ಯಾಡ. ನನ್ನ ಕೇಳಿದ್ರ ಎಲ್ಲಾ ಇಲ್ಲಿಂದ ಚಾಲೂ. ಎಡಗಡೆ ಒಬ್ಬ ಹುಡುಗ ಹೋದ ನೋಡ್ರಿ, ಕೈಯಾಗ ಬೆರಳಷ್ಟು ಬಟ್ಟಿ ತುಂಡು. ಯಾವುದೋ ಡಿಸೈನರ್ ಕಡೆ ಕೆಲಸಕ್ಕ ಇರೋನು. ಆ ತುಂಡಿಗೆ ಮ್ಯಾಚ್ ಆಗೋ ಲೈನಿಂಗ್ ಹುಡುಕ್ಕೋತ ಇಡೀ ದಿನ ಅಡ್ಡಾಡೋದ ಅವನ ಕೆಲಸ. ಲೇಸು, ಗುಂಡಿ, ಲಟಕನ್ ಬೇಕಂದ್ರ ಭುಲೇಶ್ವರಕ್ಕ ಹೋಗಬೇಕು, ಥಾನುಗಟ್ಟಲೆ ಬೇಕಂದ್ರ ಮುಲಜೀ ಜೇಠಾ ಮಾರ್ಕೆಟ್ಟು, ಬಿಡಿ ಮೀಟರಿಗೆ ಇದು. ಭಾನುವಾರ ಮಾತ್ರ ಬರಬ್ಯಾಡ್ರಿ, ಬಂದ್ ಇರತೈತಿ.

ಕಾಕು ಇಲ್ಲೆ ನಿಂತಬಿಟ್ರು. ಸಾಲಾಗಿ ಖಣ, ಅಂದ್ರ ಕುಬಸದ ಬಟ್ಟಿ, ಇಳಿಬಿಟ್ಟಾರ ನೋಡ್ರಿ, ಗುಲಾಬಿ, ನವಿಲಗರಿ ಬಣ್ಣ, ಗಿಣಿ ಹಸಿರು. ಅಂಗಡಿಯಂವ ಮೀಟರಿಗೆ 180 ಅಂದ. ಅಂದು ಸುಮ್ಮ ಇರಬೇಕಿಲ್ಲೋ? ಇದು ಪಕ್ಕಾ ಮಹಾರಾಷ್ಟ್ರದ ಮಾಲು ಅಂದುಬಿಟ್ಟ. ಕಾಕುನ ಮುಖ ಝೂಮ್ ಮಾಡೀನಿ, ನೋಡ್ರಿ. ಅವರ ತವರಮನಿ ಗುಳೇದಗುಡ್ಡ. ಖಣ ನೇಯೋ ಊರು ಅದು, ನಮ್ಮ ಬಾಗಲಕೋಟಿ ಜಿಲ್ಲಾದಾಗ, ಜಿಐ, ಅಂದ್ರ ಈ ಮಾಲು ಈ ಊರಿಂದು ಅನ್ನೋ ಸರಕಾರಿ ಗುರುತೂ ಅದರ ಹೆಸರಿಗೇ ಐತಿ. ಕಾಕು ಹುಟ್ಟಿದ್ದ ಮಗ್ಗದ ಸಪ್ಪಳದಾಗ.

"ಮಹಾರಾಷ್ಟ್ರದಾಗ ಎಲ್ಲಿ ನೇಯ್ತಾರಂತ ಕೇಳವಾ ಅವಗ" ಅಂದ್ರು. ನಾ ಹಿಂದಿಯೊಳಗ ಕೇಳಿದೆ. ಅವ ಕೊಲ್ಹಾಪುರ ಕಡೆ ಅಂದ. ಕಾಕು ಬಟ್ಟಿ ಹಿಂದಮುಂದ ಮಾಡಿ ನೋಡಿದ್ರು, ಅಂಚಿನ ಎಳಿ ಜಗ್ಗಿದ್ರು, ಕೈಯಾಗ ಮುದ್ದಿ ಮಾಡಿ ಬಿಟ್ರು. "ಪವರ್‌ಲೂಮ್ ಐತಿ. ಕೈಮಗ್ಗದ ಖಣ ಹಿಂಗ ಜಾರಂಗಿಲ್ಲ. ಇಷ್ಟ ಅಗಲಾನೂ ಬರಂಗಿಲ್ಲ." ಅಷ್ಟ ಹೇಳಿ ಬಿಟ್ಟು ಬರತಾರ ಅಂದುಕೊಂಡೆ. ಮೂರು ಮೀಟರ್ ಕಡಿಸಿದ್ರು! ಯಾಕ್ರೀ ಅಂದ್ರ, ಬಣ್ಣ ಚಲೋ ಐತಿ ಅಂದ್ರು.

ಒಂದು ಮಾತು ಖರೇ ಹೇಳಬೇಕು. ಮಹಾರಾಷ್ಟ್ರದಂತ ಹಣಿಪಟ್ಟಿ ಹಚ್ಚಿದ್ರ ನನಗೂ ಸಿಟ್ಟು ಬರತೈತಿ. ಆದ್ರ ಈ ಕಡೆ ಹೆಣ್ಮಕ್ಕಳು ಇಷ್ಟು ವರ್ಷ ಖಣದ ಚೋಳಿ ತೊಟ್ಟಿಲ್ಲಂದ್ರ ಗುಳೇದಗುಡ್ಡದ ಎಷ್ಟೋ ಮಗ್ಗ ಯಾವಾಗೋ ನಿಂತಬಿಡತಿದ್ವು. ನಾವು ಊರಾಗ ಏನು ಮಾಡ್ತೀವಿ? ಉಡಿ ತುಂಬೂವಾಗ ಅಕ್ಕಿ, ಕೊಬ್ಬರಿ ಬಟ್ಟಲದ ಜೋಡಿ ಒಂದು ಖಣ ಇಡತೀವಿ. ತಗೊಂಡೋರು ಅದನ್ನ ಹೊಲಸಂಗಿಲ್ಲ, ಟ್ರಂಕಿನ್ಯಾಗಿಟ್ಟು ಮುಂದಿನ ಮನಿಯೋರ ಉಡಿಗೆ ದಾಟಸ್ತಾರ. ಈ ಮಾತು ನಾ ಅಲ್ಲೆ ಹೇಳಿದೆ, ಕಾಕು ಛತ್ರಿ ತಿರುಗಿಸಿದ್ರು. ಶಾಟ್ ಮುಗೀತು, ನಡ್ರಿ.

ಕಾಳಬಾದೇವಿಯೊಳಗ ಮೆಟ್ರೋ ಹತ್ತಿ ಹುತಾತ್ಮಾ ಚೌಕಕ್ಕ ಇಳದ್ವಿ. 2025ರ ಅಕ್ಟೋಬರಿನಿಂದ ಈ ಲೈನು ಕಫ್ ಪರೇಡ್ ತನಕ ಓಡ್ತೈತಿ. ಮೊದಲು ಈ ಗಲ್ಲಿಯಿಂದ ಆ ಕಡೆ ಹೋಗಾಕ ಟ್ಯಾಕ್ಸಿಯವನ ಕೈಕಾಲು ಹಿಡೀಬೇಕಿತ್ತು. ಕಾಕುಗ ಎಸ್ಕಲೇಟರ್ ಭಾಳ ಸೇರಿತು. ಆ ಶಾಟ್ ಉದ್ದ ಆಗೈತಿ, ಕತ್ತರಿಸೀನಿ.

ಇದು ಕಾಲಾ ಘೋಡಾ, ಅಂದ್ರ ಕರಿ ಕುದುರಿ. ಕುದುರಿ ಎಲ್ಲೈತಿ ಅಂದ್ರು ಕಾಕು. ಕುದುರಿ ಐತಿ, ಸವಾರ ಇಲ್ಲ. ಮೊದಲು ಇಲ್ಲೆ ಏಳನೇ ಎಡ್ವರ್ಡ್ ಕುದುರಿ ಮ್ಯಾಲೆ ಕುಂತ ಮೂರ್ತಿ ಇತ್ತು, 1965ರಾಗ ತಗದು ಭಾಯಖಳಾದ ರಾಣಿಬಾಗಕ್ಕ ಒಯ್ದ್ರು. 2017ರಾಗ ಈ ಹೊಸಾ ಕುದುರಿ ನಿಲ್ಲಿಸ್ಯಾರ, ಬರೇ ಕುದುರಿ. ರಾಜಾ ಹೋದ ಮ್ಯಾಲೂ ಐವತ್ತು ವರ್ಷ ಮಂದಿ ಇಲ್ಲದ ಕುದುರಿ ಹೆಸರು ಹೇಳ್ಕೋತನ ಬಂದ್ರು, ಅದು ನನಗ ಭಾಳ ಸೇರತೈತಿ. ಇದರ ಹಿಂದಿನ ಗಲ್ಲಿಗಳ ತುಂಬ ಡಿಸೈನರ್ ಅಂಗಡಿ. ಹಳೇ ಕಲ್ಲಿನ ಕಟ್ಟಡ, ದೊಡ್ಡ ಗಾಜು, ಒಳಗ ಇಷ್ಟಗಲ ಜಾಗಾದಾಗ ಮೂರು ಅಂಗಿ. ಅಲ್ಲಿಂದ ಹಾರ್ನಿಮನ್ ಸರ್ಕಲ್ ಕಡೆ ಹೋದ್ರ ಡಿಸೈನರ್ ಸಬ್ಯಸಾಚಿ ಅವರ ದೊಡ್ಡ ಅಂಗಡಿ, ಹಳೇ ಬ್ಯಾಂಕಿನ ಕಟ್ಟಡದಾಗ 2023ರಾಗ ತಗದದ್ದು. ನಾವು ಹೊರಗಿಂದ ಕಮಾನು ನೋಡಿ ಬಂದ್ವಿ. ಒಳಗ ಹೋಗಾಕ ರೊಕ್ಕ ಕೇಳಂಗಿಲ್ಲ, ಆದ್ರ ಕಾಕು ಕೈಯಾಗ ಮಂಗಲದಾಸಿನ ಪ್ಲಾಸ್ಟಿಕ್ ಚೀಲ ಇತ್ತು, ನನಗ ಮುಜುಗರ ಆತು. ಅವರಿಗೇನೂ ಆಗಿಲ್ಲ.

ಈಗ ಬರೇ ಫುಟ್‌ಪಾತಿನ ಬೆಕ್ಕು ಕಾಣ್ತೈತಿ. ಯಾಕಂದ್ರ ಕಾಲಾ ಘೋಡಾದ ಇನ್ನೊಂದು ಅಂಗಡಿಯೊಳಗ ಕ್ಯಾಮೆರಾ ಬ್ಯಾಡ ಅಂದ್ರು. ಹೆಸರು ನಾ ಹೇಳಂಗಿಲ್ಲ, ಬೆಕ್ಕು ನೋಡ್ಕೋತ ಕೇಳ್ರಿ. ಒಳಗ ಒಂದು ಖಣದ ಜಾಕೆಟ್ ಇತ್ತು. ತೋಳಿಲ್ಲದ್ದು, ಸೊಂಟದ ತನಕ, ಮೈತುಂಬ ಸಣ್ಣ ಬುಟ್ಟಾ ಚಿತ್ತಾರ. ರೇಟಿನ ಪಟ್ಟಿ ಮ್ಯಾಲೆ 2,600. ಕಾಲಾ ಘೋಡಾದಾಗ 2,600 ಅಂದ್ರ ಸೋವಿ ಅಂತ ತಿಳಕೊಂಡು ಕೌಂಟರಿಗೆ ಹೋದೆ. ಬಿಲ್ ಹೊಡಿಯೋ ಹುಡುಗಿ 3,068 ಅಂದ್ಲು. ಯಾಕ ಅಂದೆ. ಟ್ಯಾಕ್ಸ್ ಬ್ಯಾರೆ ಮೇಡಂ ಅಂದ್ಲು. ಪಟ್ಟಿ ಮ್ಯಾಲೆ ಕಣ್ಣಿಗೆ ಕಾಣದಷ್ಟು ಸಣ್ಣಕ್ಷರದಾಗ ಅದೂ ಇತ್ತು.

ಇಲ್ಲಿ ಲೆಕ್ಕ ಕೇಳ್ರಿ. 2025ರ ಸೆಪ್ಟೆಂಬರ್ 22ರಿಂದ ಹೊಲಿದ ಬಟ್ಟಿ ಒಂದಕ್ಕ 2,500 ತನಕ ಜಿಎಸ್‌ಟಿ 5 ಪರ್ಸೆಂಟು, ಅದರ ಮ್ಯಾಲೆ ಒಂದು ರೂಪಾಯಿ ಹೋದ್ರೂ 18. ಮ್ಯಾಲಿನ ರೂಪಾಯಿಗಷ್ಟ 18 ಅಲ್ರಿ, ಇಡೀ ಅಂಗಿಗೆ 18. ಬಾಜೂಕ್ಕ ಒಂದು ಕುರ್ತಾ ಇತ್ತು, 2,499. ಅದು ಟ್ಯಾಕ್ಸ್ ಕೂಡಿ 2,624. ಜಾಕೆಟ್ 3,068. ಪಟ್ಟಿ ಮ್ಯಾಲೆ ಫರಕು 101 ರೂಪಾಯಿ, ನನ್ನ ಕಿಸೆಯಿಂದ ಹೋಗೋದು 444! ಮೊದಲು ಸಾವಿರದ ತನಕ 5, ಅದರ ಮ್ಯಾಲೆ 12 ಇತ್ತು. ಹಂಗ ನೋಡಿದ್ರ ಸಾವಿರದಿಂದ ಎರಡೂವರೆ ಸಾವಿರದ ಬಟ್ಟಿ ಈಗ ಸೋವಿ ಆಗ್ಯಾವ, ಅದನ್ನ ಇಲ್ಲ ಅನ್ನಂಗಿಲ್ಲ. ಆದ್ರ ಈ ಅಂಗಡಿಯೋರಿಗೆ 2,500ರ ಗೆರೆ ಎಲ್ಲೈತಿ ಅಂತ ಗೊತ್ತಿಲ್ಲೇನು? ಕುರ್ತಾಕ್ಕ ಗೊತ್ತೈತಿ, 2,499 ಹಾಕ್ಯಾರ. ಜಾಕೆಟ್ಟಿಗೆ ಏನು ಆಗಿತ್ತು? ಒಂದು ನೂರು ಇಳಿಸಿದ್ರ ಗಿರಾಕಿಗೆ ನಾಕನೂರು ಉಳೀತೈತಿ, ಅವರ ಮಾಲೂ ಹೋಗತೈತಿ. ಇದನ್ನ ನಾ ಆ ಹುಡುಗಿಗೆ ಪೂರಾ ವಿವರಿಸಿದೆ. ಆಕಿ ಪಾಪ ನಕ್ಕೋತ ನಿಂತಿದ್ಲು, ಆಕಿ ಕೈಯಾಗೇನೈತಿ.

ಕಾಕುಗ ಲೆಕ್ಕ ಕನ್ನಡದಾಗ ಹೇಳಿದೆ. "ಹಿಂಬದಿ ಬ್ಯಾರೆ, ಮುಂಬದಿ ಬ್ಯಾರೆ ಬಿಲ್ ಮಾಡಂತ ಹೇಳ್ ಆಕಿಗೆ" ಅಂದ್ರು. ಆಮ್ಯಾಲೆ ಸೀರಿಗೆಷ್ಟು ಅಂತ ಕೇಳಿದ್ರು. ಸೀರಿ ಹೊಲಿಯದ ಬಟ್ಟಿ ಲೆಕ್ಕದಾಗ ಬರತೈತಿ, ಎಷ್ಟ ತುಟ್ಟಿ ಇದ್ರೂ 5. ಕಾಕು ಸೆರಗು ಸರಿ ಮಾಡ್ಕೊಂಡು ಅಂಗಡಿಯಿಂದ ಹೊರಗ ನಡದ ನಡಿಗಿ ಇದ್ರ ತೋರಸ್ತಿದ್ದೆ. ಬೆಕ್ಕೂ ಹೋತು.

ಫೋರ್ಟಿನ ಶೆಟ್ಟರ ಹೋಟೆಲ್ಲಿನ್ಯಾಗ ಊಟ ಆತು. ಚಪಾತಿ ದಪ್ಪ, ಸಾರು ಚಲೋ. ಮುಂದ.

ಚರ್ಚ್‌ಗೇಟಿನಿಂದ ಲೋಕಲ್ ಹಿಡಿದು ಲೋವರ್ ಪರೇಲ್. ಸೇತುವೆ ಮ್ಯಾಲಿಂದ ಉದ್ದ ಚಿಮಣಿ ಕಾಣ್ತೈತಲ್ಲ, ಇದು ಗಿರಣಗಾವ್, ಮಿಲ್ಲುಗಳ ಊರು. 1982ರ ಜನವರಿಯೊಳಗ ದತ್ತಾ ಸಾಮಂತ್ ಅವರ ಮುಂದಾಳತ್ವದಾಗ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಮುಷ್ಕರಕ್ಕ ಕುಂತ್ರು. ಎಷ್ಟೋ ಮಿಲ್ಲು ಮತ್ತ ತಗೀಲೇ ಇಲ್ಲ. ಈಗ ಫೀನಿಕ್ಸ್ ಮಿಲ್ ಮಾಲ್ ಆಗೈತಿ, ಕಮಲಾ ಮಿಲ್ಸಿನ್ಯಾಗ ಆಫೀಸು, ಹೋಟೆಲು. ಬಟ್ಟಿ ನೇಯೋ ಜಾಗಾದಾಗ ಬಟ್ಟಿ ಮಾರತಾರ. ಅದರ ನಡುವ ಹಳೇ ಇಂಡಸ್ಟ್ರಿಯಲ್ ಎಸ್ಟೇಟ್ ಅದಾವ, ಒಂದೊಂದು ಖೋಲಿಗೆ ಗಾಳಾ ಅಂತಾರ. ಅಂಥಾ ಒಂದು ಗಾಳಾಕ್ಕ ಹೊಂಟೀವಿ. ಗೂಡ್ಸ್ ಲಿಫ್ಟು, ಮಂದಿ ಹತ್ತಬಾರದು ಅಂತ ಬರದಾರ, ಎಲ್ಲಾರೂ ಅದರಾಗ ಹತ್ತಾರ.

ಡಿಸೈನರ್ ಮೇಡಂ ಮೂಲ ಧಾರವಾಡದವರು. ಹೆಸರು, ಮುಖ ಎರಡೂ ಬ್ಯಾಡ ಅಂದಾರ, ಅದಕ್ಕ ಕೈ ಅಷ್ಟ ಕಾಣ್ತೈತಿ. ಮದುವಿ ಸೀಸನ್ನಿನ ಆರ್ಡರ್ ನಡದಾವು. ನಾ ಒಳಗ ಹೋದಕೂಡಲೆ ಜಾಕೆಟ್ಟಿನ ದೂರು ಹೇಳಿದೆ. ಅವರು ನಕ್ಕು ಮಾಸ್ಟರ್‌ಜೀನ, ಅಂದ್ರ ದರ್ಜಿನ, ಕರದ್ರು. ಕೊರಳಾಗ ಟೇಪು, ಕಿವಿ ಮ್ಯಾಲೆ ಸೀಮೆಸುಣ್ಣ, ಇವರ ಮಾಸ್ಟರ್‌ಜೀ. ಖಣ ಅಂದಕೂಡಲೆ ಅವರು ಹಣಿ ಒತ್ತಿಕೊಂಡ್ರು. ಕೈಮಗ್ಗದ್ದಾದ್ರ ಪನ್ನಾ, ಅಂದ್ರ ಬಟ್ಟಿ ಅಗಲ, ಸಣ್ಣದು, ಎರಡೂವರೆ ಮೀಟರ್ ಹಿಡಿಯೋ ಕಡೆ ಮೂರೂವರೆ ಬೇಡ್ತೈತಿ. ಮುಂದಿನ ಎಡ-ಬಲ ಎರಡೂ ಪಲ್ಲಾದ ಬುಟ್ಟಾ ಒಂದಕ್ಕೊಂದು ಎದರಾಎದರ ಕೂಡಬೇಕು, ಕೂಡಲಿಲ್ಲಂದ್ರ ಗಿರಾಕಿ ವಾಪಸ್ ಕಳಸ್ತಾಳ. ಉಳದ ತುಂಡು ಯಾತಕ್ಕೂ ಬರಂಗಿಲ್ಲ. ಮೊದಲು ಕೋರಾ ಬಟ್ಟಿ ಮ್ಯಾಲೆ ಸ್ಯಾಂಪಲ್ ಹೊಲಿಬೇಕು. ಆಮ್ಯಾಲೆ ಫ್ಯೂಸಿಂಗ್, ಲೈನಿಂಗ್, ಪೈಪಿಂಗ್, ಕಾಜ್-ಬಟನ್, ಇಸ್ತ್ರಿ. ಕೇಳಿಕೇಳಿ 2,600 ನನಗ ಕಡಿಮಿ ಅನಸಾಕ ಶುರು ಆತು. ಹೌದ್ರಿ, ಮಾತು ಬದಲಸಾಕತ್ತೀನಿ. ಜಾಕೆಟ್ಟಿನ ರೇಟು ಬರೋಬ್ಬರಿ ಐತಿ. ಆ 468 ರೂಪಾಯಿ ಟ್ಯಾಕ್ಸು ಮಾತ್ರ ನಾ ಒಪ್ಪಂಗಿಲ್ಲ.

ಅಟ್ಟದ ಮ್ಯಾಲೆ ಕಸೂತಿಯವರು. ತಲಿ ಬಗ್ಗಿಸಿ ಹತ್ತಬೇಕು, ಕ್ಯಾಮೆರಾ ಬಡಿದ ಸಪ್ಪಳ ಕೇಳಿರಬೇಕು ನಿಮಗ. ಇದಕ್ಕ ಅಡ್ಡಾ ಅಂತಾರ. ಕಟ್ಟಿಗಿ ಚೌಕಟ್ಟು, ಹೊರಸು ಹೆಣದಂಗ ಬಟ್ಟಿ ಬಿಗಿದಾರ, ಎರಡೂ ಕಡೆ ಕಾರೀಗರು ಕುಂತಾರ. ಡಿಸೈನ್ ಹೆಂಗ ಬರತೈತಿ ನೋಡ್ರಿ: ಬಟರ್ ಪೇಪರ್ ಮ್ಯಾಲೆ ಚಿತ್ರ ಬರದು, ಗೆರಿ ಉದ್ದಕ್ಕ ಸೂಜಿಯಿಂದ ತೂತು ಹೊಡೀತಾರ. ಇದು ಖಾಕಾ. ಬಟ್ಟಿ ಮ್ಯಾಲೆ ಅದನ್ನಿಟ್ಟು ಬಿಳಿ ಪುಡಿ ಚಿಮಣಿಎಣ್ಣಿಯೊಳಗ ಕಲಸಿ ಅರಿವಿಲೆ ಒರಸಿದ್ರ ಚುಕ್ಕಿ ಚುಕ್ಕಿ ಇಳೀತೈತಿ. ವಾಸನಿ ವಿಡಿಯೋದಾಗ ಬರಂಗಿಲ್ಲ, ಪುಣ್ಯಾ.

ಇಲ್ಲೆ ಹತ್ತಿರಕ್ಕ ಹೋಗೀನಿ. ಮ್ಯಾಲಿನ ಕೈಯಾಗ ಆರಿ, ತುದಿಗೆ ಕೊಕ್ಕೆ ಇರೋ ಸೂಜಿ. ಕೆಳಗಿನ ಕೈ ಕಾಣಂಗಿಲ್ಲ, ಅದು ಬಟ್ಟಿ ತಳಗ ದಾರ ಕೊಡತಿರತೈತಿ. ಕಣ್ಣಿಗೆ ಕಾಣದ ಕೈ ತಪ್ಪದಂಗ ಕೊಡ್ತೈತಿ, ಕೊಕ್ಕೆ ಎತ್ತಿ ಎಳೀತೈತಿ. ಈ ಬಂಗಾರ ಬಣ್ಣದ ಸುರುಳಿ ಐತಲ್ಲ, ಅದು ದಬಕಾ. ತಂತಿ ಸುರುಳಿ ಕತ್ತರಿಲೆ ಚೂರು ಚೂರು ಮಾಡಿ, ಮಣಿ ಪೋಣಿಸಿದಂಗ ಒಂದೊಂದ ಹೊಲೀತಾರ. ಎಂಟು ತಾಸಿನ ಕೆಲಸಕ್ಕ ಒಂದು ನಫ್ರಿ, ಪಗಾರ ನಫ್ರಿ ಲೆಕ್ಕ. ಈ ಒಂದು ತೋಳಿಗೆ ಎಷ್ಟು ನಫ್ರಿ ಅಂತ ಕೇಳಿದೆ. ಕಾರೀಗರ್ ಭಾಯಿ ಮೇಡಂ ಮುಖ ನೋಡಿದ್ರು, ಮೇಡಂ ಖಿಡಕಿ ನೋಡಿದ್ರು. ವ್ಯಾಪಾರದ ಗುಟ್ಟು, ಬಿಡ್ರಿ.

ಕಾಕುನ ಸೆರಗಿನ್ಯಾಗ ನಮ್ಮ ಕಡೆ ಕಸೂತಿ ಐತಿ, ತಾವ ಹಾಕಿದ್ದು, ತೇರು ಮತ್ತ ಆನಿ. ಆ ಭಾಯಿ ಖಾಕಾ ಎಲ್ಲಿ ಮಾಡಿಸಿದ್ರಿ ಅಂತ ಕೇಳಿದ್ರು. ಖಾಕಾ ಇಲ್ಲ, ಎಳಿ ಎಣಿಸಿ ಹಾಕೋದು ಅಂತ ನಾ ಹೇಳಿದೆ. ಅವರು ನಂಬಲಿಲ್ಲ. ಕೇಳಿ ಸೆರಗು ತಿರುವಿದ್ರು, ಉಗುರಿಲೆ ಗಂಟು ಹುಡುಕಿದ್ರು. ಗಂಟಿಲ್ಲ. ಹಿಂದೂ ಅದ ಆನಿ, ಮುಂದೂ ಅದ ಆನಿ. ಬಾಜೂಕಿನವರನ್ನೂ ಕರದು ತೋರಿಸಿದ್ರು. ಕಾಕು ಹರಕು ಹಿಂದಿಯೊಳಗ, ನಿಮ್ಮದರ ಹಿಂಬದಿ ತೋರಸ್ರಿ ಅಂದ್ರು. ತೋರಿಸಿದ್ರು, ದಾರ ಎಲ್ಲಾ ಅಡ್ಡಾದಿಡ್ಡಿ. "ಇರಲಿ ಬಿಡ್ರಿ, ಲೈನಿಂಗ್ ಬರತೈತಿ" ಅಂದ್ರು ಕಾಕು, ಭಾಳ ದೊಡ್ಡ ಮನಸ್ಸು ಮಾಡಿ. ಆಮ್ಯಾಲೆ ಬಿಹಾರದಾಗ ಯಾವ ಊರು, ಮಕ್ಕಳೆಷ್ಟು, ಹೊಲ ಐತೋ ಇಲ್ಲೋ, ಎಲ್ಲಾ ಆತು. ಅದನ್ನ ಕತ್ತರಿಸೀನಿ, ಅವರ ಮನಿ ಮಾತು ಅವು.

ಕಡೀ ಶಾಟು. ಕಾಕು ಮಂಗಲದಾಸಿನ ಚೀಲ ಬಿಚ್ಚಿ ಮೂರು ಮೀಟರ್ ಖಣ ಮಾಸ್ಟರ್‌ಜೀ ಟೇಬಲ್ ಮ್ಯಾಲೆ ಹರವಿದ್ರು. ನನಗ ಜಾಕೆಟ್ ಅಂತ! ಮಾಸ್ಟರ್‌ಜೀ ಬಟ್ಟಿ ಮುಟ್ಟಿ ಪವರ್‌ಲೂಮ್ ಅಂದ್ರು, ಪನ್ನಾ ಅಗಲ ಐತಿ, ಸಾಕಾಗಿ ಉಳೀತೈತಿ ಅಂದ್ರು. ಲೈನಿಂಗ್ ಕೂಡಿ ಹೊಲಿಗಿ 1,800. ಬಟ್ಟಿಗೆ 540. ಒಟ್ಟು 2,340, ಕಾಕು ಬೆರಳಿನ್ಯಾಗ ಎಣಿಸಿದ್ರು. ಈಗ ಜಗಳ ನಡದದ್ದು ಕಿಸೆದ್ದು. ಮುಂದ ಎರಡು ಕಿಸೆ ಬೇಕು, ಮೊಬೈಲ್ ಇಡಾಕ ಅಂತಾರ ಕಾಕು. ಕಿಸೆ ಇಟ್ರ ಬುಟ್ಟಾ ಮ್ಯಾಚಿಂಗ್ ಹಾಳಾಗತೈತಿ ಅಂತಾರ ಮಾಸ್ಟರ್‌ಜೀ. ಹಾಕ್ಕೊಳಾಕಿ ನಾನು, ನನ್ನ ಯಾರೂ ಕೇಳವಲ್ಲರು. ಕೆಳಗ ಲಿಫ್ಟಿನಂವ ಗಂಟಿ ಹೊಡ್ಯಾಕತ್ತಾನ, ಮೆಮರಿ ಕಾರ್ಡೂ ತುಂಬೈತಿ. ಜಾಕೆಟ್ ಬಂದ ಮ್ಯಾಲೆ ತೋರಸ್ತೀನಿ. ಬರ್ತೀನ್ರಿ.