ಮೂರ್ಸಂಜೆ ಹೊತ್ತು

ಕೇಳುಗರಿಗೆ ನಮಸ್ಕಾರ.

"ಏಳೋ ಮಗಾ, ಮೂರ್ಸಂಜೆ ಹೊತ್ತಲ್ಲಿ ಮಲಗಬಾರದು."

ಚಿಕ್ಕವನಿದ್ದಾಗ ಆಡಿ ಸುಸ್ತಾಗಿ ಚಾಪೆ ಮೇಲೆ ಒರಗಿದರೆ ಅಜ್ಜಿ ಹೀಗೆ ಎಬ್ಬಿಸುತ್ತಿದ್ದರು. ನಾವು ಮುಸ್ಸಂಜೆ ಅಂತ ಬರೆಯುವುದು ಈ ಹೊತ್ತನ್ನೇ. ಮುಕ್ಕಾಲು, ಮುಮ್ಮಡಿ, ಮುಕ್ಕಣ್ಣ ಅನ್ನುವಾಗ ಮೂರು 'ಮು' ಆಗುತ್ತದೆ, ಅಲ್ವಾ? ಅಜ್ಜಿಯ ಬಾಯಲ್ಲಿ ಮಾತ್ರ ಆ ಮೂರು ಬಿಡಿಯಾಗಿಯೇ ಉಳಿದಿತ್ತು. ಬೆಳಗು, ನಡುಹಗಲು, ಬೈಗು ಹೀಗೆ ದಿನಕ್ಕೆ ಮೂರು ಸಂಧ್ಯೆ ಎಂಬುದು ಹಳೆಯ ಲೆಕ್ಕ. ಪಕ್ಕದ ಮರಾಠಿಯವರೂ ಈ ಹೊತ್ತಿಗೆ 'ತಿನ್ಹಿಸಾಂಜ' ಅನ್ನುತ್ತಾರೆ. ಅಲ್ಲೂ ಮೂರೇ!

ಸಂಧ್ಯೆಯೇ ನಮ್ಮಲ್ಲಿ ಸಂಜೆಯಾಯಿತು. ಕನ್ನಡದ್ದೇ ಮಾತು ಬೈಗು. ತುಳುವಿನಲ್ಲಿ ಅದು ಬಯ್ಯ.

ಈಗ ನಾವು ಎಲ್ಲಕ್ಕೂ ಸುಮ್ನೆ ಸಂಜೆ ಅಂದುಬಿಡುತ್ತೇವೆ. ಆದರೆ ಸಂಜೆ ಬೇರೆ, ಮುಸ್ಸಂಜೆ ಬೇರೆ. ಸಂಜೆಮಲ್ಲಿಗೆ ನಾಲ್ಕು ಗಂಟೆ ಸುಮಾರಿಗೇ ಅರಳುತ್ತದೆ. ಆಗಿನ್ನೂ ಬಿಸಿಲಿರುತ್ತದೆ. ದನಗಳು ಮನೆಗೆ ಮರಳುವಾಗ ಗೊರಸಿನಿಂದ ಎದ್ದ ಧೂಳು ಬೆಳಕಿಗೆ ಕೆಂಪಗೆ ಕಂಡರೆ ಅದು ಗೋಧೂಳಿ. ಹೊತ್ತು ಮುಳುಗಿ, ಕೋಳಿ ಗೂಡು ಸೇರಿ, ಎದುರಿಗೆ ಬರುವವರ ಮುಖ ಮಸುಕಾದರೆ ಅದು ಮುಸ್ಸಂಜೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗೆ ಇಳಿಯುವವರೆಗಿನ ಬೆಳಕು ಇದು. ನಮ್ಮ ನಾಡಿನಲ್ಲಿ 20ರಿಂದ 25 ನಿಮಿಷ, ಅಷ್ಟೇ. ಉತ್ತರದ ದೂರದೇಶಗಳಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ, ಅಲ್ಲಿ ಇದು ಇನ್ನೂ ಜಾಸ್ತಿ ಹೊತ್ತು ಇರುತ್ತದೆ.

ಇಷ್ಟು ಚಿಕ್ಕ ಹೊತ್ತಿಗೆ ಎಷ್ಟೊಂದು ಕಟ್ಟುಪಾಡು! ಕಸ ಗುಡಿಸಬಾರದು, ತಲೆ ಬಾಚಬಾರದು, ಕೈಸಾಲ ಕೊಡಬಾರದು. ಹೊಸ್ತಿಲ ಮೇಲಂತೂ ಕೂರಲೇಬಾರದು. ಹಿರಣ್ಯಕಶಿಪು ಸತ್ತದ್ದು ಹಗಲೂ ಅಲ್ಲದ, ಇರುಳೂ ಅಲ್ಲದ ಈ ಹೊತ್ತಿನಲ್ಲೇ, ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲ ಮೇಲೆಯೇ. ಆ ಕತೆ ಹೇಳಿಯೇ ಅಜ್ಜಿ ನನ್ನನ್ನು ಒಳಗೆ ಕರೆಯುತ್ತಿದ್ದರು.

ಆಮೇಲೆ ಲಾಟೀನಿನ ಗಾಜನ್ನು ಬೂದಿಯಿಂದ ಒರೆಸಿ, ಬತ್ತಿ ಏರಿಸಿ, ಹಚ್ಚಿ, ಕೈಮುಗಿಯುತ್ತಿದ್ದರು. ಮನೆಗೆ ಕರೆಂಟು ಬಂತು, ಲಾಟೀನು ಅಟ್ಟ ಸೇರಿತು. ಅಜ್ಜಿ ಮಾತ್ರ ಮೂರ್ಸಂಜೆಗೆ ಸರಿಯಾಗಿ ಸ್ವಿಚ್ ಒತ್ತಿ, ಬಲ್ಬಿನ ಕಡೆ ತಿರುಗಿ, ಮತ್ತೆ ಕೈಮುಗಿಯುತ್ತಿದ್ದರು.